ವಾಹಕತೆಯ ನಕ್ಷೆಗೆ ಕಣರಚನೆಯ ಹೆಸರೇಕೆ?

ಮಾನ್ಯ ಸಂಪಾದಕರೇ,

ಸಂವೇದಕವೊಂದನ್ನು ಹೊಲದ ತುಂಬ ಎಳೆದಾಡಿ, ಮಣ್ಣಿನ ವಿದ್ಯುದ್ವಾಹಕತೆಯನ್ನು ಅಳೆದು, ಜಿಪಿಎಸ್ ನೆರವಿನಿಂದ ಬಿಡಿಸಿದ ಬಣ್ಣದ ನಕ್ಷೆಯನ್ನೇ ಮಣ್ಣಿನ ಕಣರಚನೆಯ, ಅಂದರೆ ಅದರಲ್ಲಿ ದಪ್ಪ, ಸಣ್ಣ ಕಣಗಳ ಪಾಲು ಎಷ್ಟೆಂಬುದರ, ನಕ್ಷೆಯೆಂದು ರೈತನ ಕೈಗಿಡುವ ರೂಢಿಯ ಬಗ್ಗೆ ಈ ಪತ್ರ. ನನ್ನ ತಕರಾರು ವಿಧಾನದ ಮೇಲಲ್ಲ, ಆ ಹೆಸರಿನ ಮೇಲೆ.

ವಿಧಾನದ ತರ್ಕ ಗಟ್ಟಿಯಾಗಿಯೇ ಇದೆ. 0.002 ಮಿಲಿಮೀಟರಿಗಿಂತ ಸಣ್ಣದಾದ ಜೇಡಿಯ ಕಣಗಳು ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಅಯಾನುಗಳನ್ನು ಮೈಗೆ ಅಂಟಿಸಿಕೊಂಡಿರುತ್ತವೆ, ನೀರನ್ನೂ ಬೇಗ ಬಿಟ್ಟುಕೊಡುವುದಿಲ್ಲ. ಹಾಗಾಗಿ ಜೇಡಿಯಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ನೀರು ಬಸಿದುಹೋಗುವ ಮರಳಿನಲ್ಲಿ ಅದಕ್ಕೆ ದಾರಿ ಕಡಿಮೆ. ನೆಲಕ್ಕೆ ತಾಗಿ ಉರುಳುವ ಲೋಹದ ತಟ್ಟೆಗಳಿಂದಲಾಗಲಿ, ನೆಲ ಮುಟ್ಟದೆಯೇ ವಿದ್ಯುತ್ಕಾಂತೀಯ ಪ್ರೇರಣೆಯಿಂದಲಾಗಲಿ ಈ ವ್ಯತ್ಯಾಸವನ್ನು ಹಿಡಿಯಬಹುದು. ಒಂದೆರಡು ಕಡೆ ಗುಂಡಿ ತೋಡಿ ಇಡೀ ಹೊಲದ ಹಣೆಬರಹ ಹೇಳುವುದಕ್ಕಿಂತ ಸಾವಿರಾರು ಬಿಂದುಗಳ ಈ ಅಳತೆ ಎಷ್ಟೋ ವಾಸಿ.

ಆದರೆ ಯಂತ್ರ ಅಳೆಯುವುದು ವಾಹಕತೆಯನ್ನೇ ಹೊರತು ಜೇಡಿಯನ್ನಲ್ಲ. ಜೇಡಿ, ತೇವ, ಲವಣ, ಉಷ್ಣತೆ, ಮಣ್ಣಿನ ಬಿಗಿತ ಇವೆಲ್ಲ ಆ ಒಂದೇ ಅಂಕಿಯೊಳಗೆ ಬೆರೆತಿರುತ್ತವೆ. ಸವಳು ನೆಲದಲ್ಲಂತೂ ಲವಣದ ಸದ್ದಿನ ಮುಂದೆ ಜೇಡಿಯ ದನಿ ಕೇಳಿಸುವುದೇ ಇಲ್ಲ. ನಕ್ಷೆಯಲ್ಲಿ ಹೆಚ್ಚು ವಾಹಕತೆ ತೋರುವ ಕಡುಗೆಂಪು ತುಂಡನ್ನು ಜೇಡಿಯೆಂದು ನಂಬಿ ಅಗೆದವನಿಗೆ ಉಪ್ಪು ಸಿಕ್ಕರೆ ಆಶ್ಚರ್ಯವಿಲ್ಲ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ವಾಹಕತೆ ಸುಮಾರು ಶೇ 2ರಷ್ಟು ಏರುತ್ತದೆ. ಆದ್ದರಿಂದ ಬೇರೆ ಬೇರೆ ಕಾಲದ ಅಳತೆಗಳನ್ನು 25 ಡಿಗ್ರಿಯ ಮಟ್ಟಕ್ಕೆ ತಿದ್ದದೆ ಅಕ್ಕಪಕ್ಕ ಇಡುವಂತಿಲ್ಲ. ಆಳದ ಪ್ರಶ್ನೆ ಇನ್ನೂ ತೊಡಕಿನದು. ತಂತಿಯ ಎರಡು ಸುರುಳಿಗಳ ನಡುವೆ 1 ಮೀಟರ್ ಅಂತರವಿರುವ ಪ್ರೇರಣಾ ಉಪಕರಣ ನೆಟ್ಟಗಿದ್ದಾಗ ಸುಮಾರು 1.5 ಮೀಟರ್, ಮಗ್ಗುಲಾದಾಗ ಸುಮಾರು 0.75 ಮೀಟರ್ ಆಳದವರೆಗಿನ ಮಣ್ಣಿನ ಒಟ್ಟು ಪ್ರತಿಕ್ರಿಯೆಯನ್ನು ಕೊಡುತ್ತದೆ. ಮೇಲೆ ಮರಳು, ಕೆಳಗೆ ಜೇಡಿ ಇರುವ ಜಾಗವೂ ಉದ್ದಕ್ಕೂ ಮರಳು, ಜೇಡಿ ಬೆರೆತ ಗೋಡು ಮಣ್ಣಿರುವ ಜಾಗವೂ ಒಂದೇ ಅಂಕಿ ತೋರಿಸಬಹುದು, ಬೇರಿಗೆ ಮಾತ್ರ ಅವೆರಡೂ ಬೇರೆ ಬೇರೆ ಲೋಕ.

ಇದಕ್ಕೆ ಪರಿಹಾರ ಹೊಸದೇನಲ್ಲ. ಮಳೆಯ ಹೆಚ್ಚುವರಿ ನೀರು ಬಸಿದು ಹೊಲವೆಲ್ಲ ಒಂದೇ ಹದದಲ್ಲಿರುವಾಗ ಅಳೆಯಬೇಕು. ಬಳಿಕ ಕಡಿಮೆ, ಮಧ್ಯಮ, ಹೆಚ್ಚು ವಾಹಕತೆಯ ಜಾಗಗಳಿಂದ ಮಣ್ಣು ತೆಗೆದು ಪ್ರಯೋಗಾಲಯದಲ್ಲಿ ಮರಳು, ರೇವೆ (ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣ), ಜೇಡಿಯ ಪಾಲನ್ನು ಕಂಡುಕೊಂಡು, ಯಂತ್ರದ ಅಂಕಿಯೊಂದಿಗೆ ಅದನ್ನು ಹೊಂದಿಸಿ ನೋಡಬೇಕು. ಹಾಗೆ ಸಿಕ್ಕ ಸಂಬಂಧ ಆ ಹೊಲಕ್ಕೆ ಮಾತ್ರ ಸಲ್ಲುತ್ತದೆ, ನೆರೆಯ ಹೊಲಕ್ಕೆ ಅದನ್ನು ಎರವಲು ಕೊಡಲಾಗದು. ತೇವದೊಂದಿಗೆ ಅಂಕಿಗಳು ಏರಿಳಿದರೂ ಲವಣ ಕಡಿಮೆಯಿರುವ ನೆಲದಲ್ಲಿ ಯಾವ ಭಾಗ ಹೆಚ್ಚು, ಯಾವುದು ಕಡಿಮೆ ಎಂಬ ವಿನ್ಯಾಸ ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ, ಮಾದರಿ ಎಲ್ಲಿ ತೆಗೆಯಬೇಕೆಂದು ತೋರಿಸುವುದರಲ್ಲೇ ಈ ನಕ್ಷೆಯ ನಿಜವಾದ ಬೆಲೆ ಇದೆಯೆಂದು ನನ್ನ ಅಭಿಪ್ರಾಯ.

ಆದ್ದರಿಂದ ಅಳತೆಯ ದಿನಾಂಕ, ಅಂದಿನ ತೇವ, ಎಷ್ಟು ಆಳದ ಅಳತೆ, ಎಷ್ಟು ಮಾದರಿಗಳ ಪರೀಕ್ಷೆ ಎಂಬ ವಿವರಗಳು ನಕ್ಷೆಯ ಮೂಲೆಯಲ್ಲಿ ಅಚ್ಚಾಗಿರಬೇಕು. ಮಾದರಿಯನ್ನೇ ತೆಗೆಯದ ನಕ್ಷೆಗೆ ವಾಹಕತೆಯ ನಕ್ಷೆ ಎಂಬ ಹೆಸರಷ್ಟೇ ಇರಲಿ.

ಇಂತಿ,
ಓರ್ವ ಓದುಗ