ಉಂಡಿ ಯಾರ ಮನೆಗೆ?

ಪ್ರೀತಿಯ ಮಗಳಿಗೆ,

ನಾಗರ ಪಂಚಮಿಗೆ ರಜೆ ಸಿಗಲಿಲ್ಲ ಅಂದೆ, ಇರಲಿ. ಆದರೆ ಬೆಂಗಳೂರಿನ ನಿನ್ನ ಅಪಾರ್ಟ್‌ಮೆಂಟಿನವರಿಗೆ ಕೊಡಲು ಅಂಗಡಿಯಿಂದ ಸ್ವೀಟ್ ಬಾಕ್ಸ್ ತರ್ತೀನಿ ಅಂದೆಯಲ್ಲ, ಅದು ಬೇಡವ್ವ. ಧಾರವಾಡ ಪೇಡೆಯಾದರೆ ಅಂಗಡಿಯದೇ ಚೆಂದ. ಪಂಚಮಿ ಉಂಡಿಯನ್ನು ಮನೆಯಲ್ಲೇ ಕಟ್ಟಬೇಕು. ಕಟ್ಟುವಾಗಲೇ ಇದು ಯಾರ ಮನೆಗೆ ಅಂತ ಮನಸ್ಸಿನಲ್ಲಿ ಇರುತ್ತದೆ, ಅದಕ್ಕೆ.

ನಮ್ಮ ಹುಬ್ಬಳ್ಳಿಯ ಓಣಿ ನಿನಗೆ ಗೊತ್ತೇ ಇದೆ. ನಾಗರ ಅಮಾವಾಸ್ಯೆ ಬಂತೆಂದರೆ ಮನೆಮನೆಯಲ್ಲೂ ಶೇಂಗಾ ಹುರಿದ ವಾಸನೆ. ಶೇಂಗಾ ಉಂಡಿ, ಎಳ್ಳುಂಡಿ, ಬುಂದಿ ಉಂಡಿ, ರವೆ ಉಂಡಿ, ತಂಬಿಟ್ಟು, ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಇವೇ. ಆದರೂ ತಾಟು ಹೋಗುತ್ತದೆ, ತಾಟು ಬರುತ್ತದೆ. ಹಿಂದಿನ ಮನೆಯ ಆಯಿಗೆ ಹಲ್ಲಿಲ್ಲ. ಪಾಕದ ಶೇಂಗಾ ಉಂಡಿ ಕೊಟ್ಟರೆ ಅವರೇನು ಮಾಡಬೇಕು? ಅವರಿಗೆ ಬಾಯಲ್ಲಿಟ್ಟರೆ ಕರಗುವ ಬೇಸನ್ ಉಂಡಿ. ಎದುರು ಮನೆಯಲ್ಲಿ ಬಾಣಂತಿ ಇದ್ದಾಳೆ, ಅವಳಿಗೆ ತುಪ್ಪದಲ್ಲಿ ತಿನ್ನುವ ಅಂಟು ಅರಳಿಸಿ, ಉತ್ತತ್ತಿ, ಒಣಕೊಬ್ಬರಿ ಹಾಕಿದ ಅಂಟಿನ ಉಂಡಿ. ಮೂಲೆ ಮನೆಯ ಮಾಸ್ತರರಿಗೆ ಸಕ್ಕರೆ ಕಾಯಿಲೆ. ಅವರ ತಾಟಿನಲ್ಲಿ ಅವಲಕ್ಕಿ ಚೂಡಾನೇ ಜಾಸ್ತಿ ಇರಬೇಕು. ಇಷ್ಟು ವಿಚಾರ ಮಾಡಿ ಕೊಟ್ಟರೇನೇ ಅದು ಕೊಟ್ಟ ಹಾಗೆ.

ನೀನು ಈ ಸಲ ಬೇಸನ್ ಉಂಡಿ ಒಂದೇ ಮಾಡು. ಬೆಲ್ಲದ ಪಾಕ ಒಂದು ಕ್ಷಣ ಹೆಚ್ಚಾದರೂ ಉಂಡಿ ಕಲ್ಲಾಗುತ್ತದೆ, ಅದನ್ನು ನನ್ನ ಪಕ್ಕ ನಿಂತು ಕಲಿಯುವೆಯಂತೆ. 2 ಬಟ್ಟಲು ಕಡಲೆ ಹಿಟ್ಟಿಗೆ 1 ಬಟ್ಟಲಿಗಿಂತ ಸ್ವಲ್ಪ ಕಡಿಮೆ ತುಪ್ಪ, 1 ಬಟ್ಟಲು ಸಕ್ಕರೆ ಪುಡಿ. ಹಿಟ್ಟು ದಪ್ಪನೆಯದು ಸಿಕ್ಕರೆ ಒಳ್ಳೆಯದು, ನುಣ್ಣನೆಯದು ಬಾಯಿಗೆ ಅಂಟುತ್ತದೆ. ದಪ್ಪ ತಳದ ಬಾಣಲೆಯಲ್ಲಿ ತುಪ್ಪ, ಹಿಟ್ಟು ಸೇರಿಸಿ ಸಣ್ಣ ಉರಿಯ ಮೇಲೆ ಹುರಿ. ಮೊದಲು ಮುದ್ದೆಯಾಗುತ್ತದೆ, ಸೌಟು ಆಡಿಸೋದೇ ಕಷ್ಟ. ಹೆದರಿ ಇನ್ನಷ್ಟು ತುಪ್ಪ ಸುರಿಯಬೇಡ. ಹುರೀತಾ ಹೋದ ಹಾಗೆ ಹಿಟ್ಟು ತಾನಾಗೇ ಸಡಿಲಾಗುತ್ತದೆ, ಸೌಟು ಹಗುರಾಗುತ್ತದೆ, ಅಂಚಿನಲ್ಲಿ ತುಪ್ಪ ಬಿಡುತ್ತದೆ. ಆಗ ಹಸಿ ವಾಸನೆ ಹೋಗಿ ಘಮ್ಮಂತ ಬರುತ್ತದೆ. ಕೈಗೆ ಉಗುರು ಬೆಚ್ಚಗಾಗುವವರೆಗೆ ಆರಲು ಬಿಟ್ಟು, ಆಮೇಲೆ ಸಕ್ಕರೆ, ಏಲಕ್ಕಿ ಹಾಕು. ಬಿಸಿಯಲ್ಲೇ ಹಾಕಿದರೆ ಸಕ್ಕರೆ ಕರಗಿ ಎಲ್ಲ ನೀರಾಗುತ್ತದೆ, ಕಟ್ಟೋಕೆ ಬರುವುದಿಲ್ಲ.

ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬು. ಡಬ್ಬಿಯಲ್ಲಿ ಒಂದು ಹನಿಯೂ ತೇವ ಇರಬಾರದು. ಕೆಲವು ಮಕ್ಕಳಿಗೆ ಗೋಡಂಬಿ, ಶೇಂಗಾ ಆಗಿಬರುವುದಿಲ್ಲ, ಹಾಗಾಗಿ ಕೊಡುವ ಮುಂಚೆ ಕೇಳು. ಹಾಗಿದ್ದರೆ ಆ ಮನೆಯದನ್ನು ಮೊದಲೇ ಬೇರೆ ಕಟ್ಟಿಡು. ಯಾರಿಗೂ ಕೆಲಸದವರ ಕೈಯಲ್ಲಿ ಕಳಿಸಬೇಡ, ನೀನೇ ಹೋಗಿ ಬಾಗಿಲು ಬಡಿ. ಸೆಕ್ಯುರಿಟಿ ಅಣ್ಣನಿಗೆ, ಮೆಟ್ಟಿಲು ಗುಡಿಸುವ ಅಕ್ಕನಿಗೆ ಎಲ್ಲರಿಗಿಂತ ಮೊದಲು ಕೊಡು. ಉಳಿದದ್ದನ್ನು ಕೊಡೋದು ಬೇರೆ, ಅವರಿಗಂತ ಕಟ್ಟಿ ಕೊಡೋದು ಬೇರೆ. ಯಾರಾದರೂ ಡಬ್ಬಿ ಕೊಟ್ಟರೆ ಖಾಲಿ ವಾಪಸ್ ಕೊಡಬೇಡ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕು.

ಅಮಾವಾಸ್ಯೆ ಆದ ಕೂಡಲೇ ಶುರು ಮಾಡು. ಪಂಚಮಿ ದಿನ ನಾವು ಒಲೆ ಮೇಲೆ ಹೆಂಚು ಇಡುವುದಿಲ್ಲ, ಹುರಿಯೋದು ಕರಿಯೋದು ಎಲ್ಲ ಅದಕ್ಕೂ ಮುಂಚೆ ಮುಗಿಯಬೇಕು. ಮನೆಯ ತುಪ್ಪ, ಶೇಂಗಾ ಉಂಡಿ, ಎಳ್ಳುಂಡಿ ಶನಿವಾರ ರಾತ್ರಿ ಬಸ್ಸಿಗೆ ನಿನ್ನ ಅಪ್ಪ ಹಾಕುತ್ತಾರೆ. ಕೆಳಗಿನ ಮನೆಗೆ ಹೊಸದಾಗಿ ಬಂದವರಲ್ಲಿ ವಯಸ್ಸಾದವರು ಇದ್ದಾರಾ? ತಿಳಿಸು, ಇನ್ನೂ ಸ್ವಲ್ಪ ಜಾಸ್ತಿ ತುಪ್ಪ ಕಳಿಸುತ್ತೇನೆ.

ನಿನ್ನ ಅವ್ವ