ಬೆಳಗಿನ ಫೋನ್ ಕಾರ್ಯಕ್ರಮ ನಿಲ್ಲಿಸುತ್ತಿದ್ದೇವೆ: ಕೇಳುಗರಿಗೆ ಒಂದು ಪತ್ರ

ಕೇಳುಗರಿಗೆ, ಸಂಘದ ಸದಸ್ಯರಿಗೆ, ಜಾಹೀರಾತು ಕೊಡುವ ಅಂಗಡಿಯವರಿಗೆ ಶರಣು.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ಶ್ರಾವಣದ ಮೊದಲ ಸೋಮವಾರದಿಂದ ಕೊಪ್ಪಳದ ನಮ್ಮ ಸಮುದಾಯ ಬಾನುಲಿಯಲ್ಲಿ, ಅಂದರೆ ಊರ ಮಂದಿಗಾಗಿ ನಡೆಯುವ ಈ ಸಣ್ಣ ರೇಡಿಯೊದಲ್ಲಿ, ಬೆಳಗ್ಗೆ ಏಳೂವರೆಯ ಫೋನ್ ಕಾರ್ಯಕ್ರಮ ಇರುವುದಿಲ್ಲ. ನೀವು ಫೋನ್ ಮಾಡುವುದು, ಹಾಡು ಕೇಳುವುದು, ನಡುವೆ "ಮಳಿ ಬಂತೇನ್ರಿ, ನಾಷ್ಟಾ ಆತೇನ್ರಿ" ಅಂತ ನಾಲ್ಕು ಮಾತಾಡುವುದು, ಇದೆಲ್ಲ ನಿಲ್ಲುತ್ತದೆ. ಆ ಒಂದು ತಾಸನ್ನು ಊರೂರಿಗೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದ ಮಾತಿಗೆ ಕೊಡುತ್ತೇವೆ.

ಸಿಟ್ಟು ಬಂದವರಿದ್ದಾರೆ, ಗೊತ್ತಿದೆ. ಹೋದ ವಾರ ಬರೀ ಸುಳಿವು ಕೊಟ್ಟಿದ್ದಕ್ಕೇ ಇಬ್ಬರು ಹಿರಿಯರು ಸ್ಟುಡಿಯೊಗೆ ಬಂದು ಕೂತರು. "ಮಂದಿ ಕೂಡ ಮಾತಾಡೋದ ಬಿಟ್ರ ನಿಮ್ಮ ರೇಡಿಯೊ ಯಾತಕ್ರಿ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಚಹಾ ಕುಡಿಸಿ ಕಳಿಸಿದೆವು, ಆದರೆ ಉತ್ತರ ಅರ್ಧಕ್ಕೇ ನಿಂತಿತು. ಉಳಿದ ಅರ್ಧ ಈ ಪತ್ರದಲ್ಲಿದೆ.

ಈ ಯೋಚನೆ ನಮ್ಮ ತಲೆಗೆ ಹೊಕ್ಕದ್ದು 2024ರ ಆಗಸ್ಟ್ ತಿಂಗಳಲ್ಲಿ. 10ನೇ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆಗ. ಒಟ್ಟು 33 ಗೇಟಿನ ಡ್ಯಾಮು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಹೊಳೆಗೆ ನೀರು ಬಿಟ್ಟರು. ನಮ್ಮ ಪ್ರಸಾರ ಹತ್ತು ಗಂಟೆಗೇ ಮುಗಿದಿತ್ತು. ನಾವು ಮಲಗಿದ್ದೆವು. ಮೊಬೈಲುಗಳು ಮಲಗಿರಲಿಲ್ಲ. ಒಂದು ಗೇಟು ಹೋಗಿದೆ ಅನ್ನುವುದು ಊರಿಂದ ಊರಿಗೆ ಹೋಗುವಷ್ಟರಲ್ಲಿ "ಡ್ಯಾಮೇ ಒಡದೈತಿ" ಅಂತಾಗಿತ್ತು.

ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಒಳಗೆ ಫೋನ್ ಬಡಿದುಕೊಳ್ಳುತ್ತಿತ್ತು. ಹುಲಿಗಿ, ಶಿವಪುರ, ಹೊಳೆ ದಂಡೆಯ ಉದ್ದಕ್ಕೂ ಇರುವ ಊರುಗಳವರು. ಯಾರಿಗೂ ಹಾಡು ಬೇಕಿರಲಿಲ್ಲ. ಒಬ್ಬ ಅಜ್ಜಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಎಮ್ಮಿ ಹೊಡಕೊಂಡು ಮ್ಯಾಲಕ ಹೋಗಬೇಕೋ, ಇಲ್ಲೇ ಕುಂದರಬೇಕೋ, ಅಷ್ಟ ಹೇಳು ತಮ್ಮಾ."

ಇಲ್ಲಿ ಒಂದು ಕಾಯಿದೆಯ ಮಾತು ಹೇಳಬೇಕು. ನಮ್ಮಂಥ ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಓದುವ ಅನುಮತಿ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು. ನೆರೆ, ಕುಡಿಯುವ ನೀರು, ಕರೆಂಟು, ರೋಗರುಜಿನ, ಇಂಥದ್ದರ ಬಗ್ಗೆ ಸ್ಥಳೀಯ ಆಡಳಿತ ಕೊಟ್ಟ ಮಾಹಿತಿ ಹೇಳಬಹುದು. ಅಷ್ಟೇ. ಆದ್ದರಿಂದ ಅಜ್ಜಿಗೆ ನಮ್ಮ ಅಂದಾಜು ಹೇಳಲು ಬರುವುದಿಲ್ಲ. ಆಡಳಿತದ ಪ್ರಕಟಣೆಯನ್ನು ತರಿಸಿಕೊಂಡು, ಸರ್ಕಾರಿ ಕನ್ನಡವನ್ನು ಮನೆ ಕನ್ನಡ ಮಾಡಿ, ಇಡೀ ದಿನ ಓದಿದೆವು. "ನದಿ ಪಾತ್ರದ ಸಾರ್ವಜನಿಕರು" ಅಂದರೆ "ಹೊಳಿ ದಂಡಿ ಮಂದಿ" ಅಂತ. ವಾರದೊಳಗೆ ಹರಿಯುವ ನೀರಿನಲ್ಲೇ ನೀರು ತಡೆಯುವ ಉಕ್ಕಿನ ಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ ಆ ಗೇಟಿನ ಜಾಗ ಮುಚ್ಚಿದರು. ಊರು ಉಸಿರಾಡಿತು.

ಆಮೇಲೆ ನಮ್ಮಲ್ಲಿ ಒಬ್ಬರು ಕರೆಗಳ ಪುಸ್ತಕ ತೆಗೆದು ನೋಡಿದರು. ಆ ದಿನ ಫೋನ್ ಮಾಡಿದವರಲ್ಲಿ ಬಹಳ ಮಂದಿ ಅದಕ್ಕೆ ಮೊದಲು ಒಂದು ಸಲವೂ ಫೋನ್ ಮಾಡಿದವರಲ್ಲ. ಆದರೆ ಎಲ್ಲರಿಗೂ ನಮ್ಮ ನಂಬರು ಬಾಯಿಪಾಠ. ಅಂದರೆ ದಿನಾ ಕೇಳುತ್ತಿದ್ದರು, ಸುಮ್ನೆ ಕೇಳುತ್ತಿದ್ದರು. ಉಳಿದ ದಿನಗಳ ಪುಟ ತಿರುವಿದರೆ ಅದೇ ಹತ್ತಿಪ್ಪತ್ತು ಹೆಸರು. ಸೋಮವಾರ ಇವರು, ಮಂಗಳವಾರ ಅವರು, ಬುಧವಾರ ಮತ್ತೆ ಇವರು. ಫೋನ್ ಬಿಡುವಿಲ್ಲದೆ ಬಾರಿಸುತ್ತಿದೆಯಲ್ಲ, ಇಡೀ ಸೀಮೆ ನಮ್ಮ ಜೊತೆ ಮಾತಾಡುತ್ತಿದೆ ಅಂದುಕೊಂಡಿದ್ದೆವು. ಕರೆ ಮಾಡುವವರು ಬೇರೆ, ಕೇಳುವವರು ಬೇರೆ ಅನ್ನುವುದು ಅಲ್ಲಿಯ ತನಕ ಹೊಳೆದಿರಲಿಲ್ಲ.

ರೇಡಿಯೊದಲ್ಲಿ ಇದು ಹೊಸದೇನೂ ಅಲ್ಲ. ಈಗಿನ ಜಾರ್ಖಂಡಿನಲ್ಲಿ ಝುಮ್ರಿ ತಿಲೈಯಾ ಅಂತ ಒಂದು ಗಣಿ ಊರಿದೆ. ರೇಡಿಯೊ ಸಿಲೋನ್, ವಿವಿಧ ಭಾರತಿ ಕಾಲದಲ್ಲಿ ಹಾಡಿನ ಕೋರಿಕೆ ಓದುವಾಗೆಲ್ಲ ಆ ಊರಿನ ಹೆಸರು ಬರುತ್ತಿತ್ತು. ಇಂಥ ಊರು ನಿಜಕ್ಕೂ ಇದೆಯಾ ಅಂತ ಜನ ಅನುಮಾನ ಪಡುವಷ್ಟು. ಅಲ್ಲಿನ ಒಂದಷ್ಟು ಹುಮ್ಮಸ್ಸಿನ ಮಂದಿ ಪೈಪೋಟಿಗೆ ಬಿದ್ದು ಕಾರ್ಡು ಬರೆಯುತ್ತಿದ್ದರು, ಊರಿಗೆ ಹೆಸರು ಬಂತು. ತಪ್ಪಿಲ್ಲ, ಆ ಹುಚ್ಚು ನಮಗೂ ಇಷ್ಟವೇ. ಆದರೆ ಕಾರ್ಡು ಬರೆಯದ ಊರುಗಳವರು ರೇಡಿಯೊ ಕೇಳುತ್ತಿರಲಿಲ್ಲವೇ?

ಹಾಗಾಗಿ ಕೇಳುವವರನ್ನು ಹುಡುಕಿಕೊಂಡು ಹೊರಟೆವು. ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಹೆಣ್ಣುಮಕ್ಕಳ ನಡುವೆ ಕೂತೆವು. ವಿಗ್ ಮಾಡಲು ಹೋಗುವ ಗಂಟು ಗಂಟಾದ ಕೂದಲನ್ನು ಎಳೆ ಎಳೆ ಬಿಡಿಸುವ ಕೆಲಸ. ಎರಡೂ ಕೈ ಅದರಲ್ಲೇ. ಬೆಳಗ್ಗೆಯಿಂದ ರೇಡಿಯೊ ನಡೆದೇ ಇರುತ್ತದೆ. "ನೀವು ಯಾಕೆ ಫೋನ್ ಮಾಡಲ್ಲ?" ಅಂದರೆ ನಕ್ಕರು. "ಕೈ ಎಲ್ಲಿ ಖಾಲಿ ಅದಾವ್ರಿ?" ಮಗ್ಗದ ಮನೆಯಲ್ಲೂ ಅದೇ ಉತ್ತರ. ರೊಟ್ಟಿ ಬಡಿಯುವವರ ಹತ್ತಿರವೂ ಅದೇ. ಏಳೂವರೆ ಅಂದರೆ ಒಲೆ ಮುಂದೆ ಇರುವ ಹೊತ್ತು. ಇನ್ನೊಂದು, ಮನೆಗೆ ಇರುವುದು ಒಂದೇ ಫೋನು, ಅದು ಗಂಡಸರ ಜೇಬಿನಲ್ಲಿ ಹೊರಗೆ ಹೋಗಿರುತ್ತದೆ. ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರು ಆ ಹೊತ್ತಿಗೆ ಮಲಗಲು ತಯಾರಾಗಿರುತ್ತಾರೆ. ನಮ್ಮ ಕಾರ್ಯಕ್ರಮದ ಸಮಯವೇ ಒಂದು ಜರಡಿಯಾಗಿತ್ತು. ಕೈ ಖಾಲಿ ಇದ್ದವರು, ಕೈಯಲ್ಲಿ ಫೋನ್ ಇದ್ದವರು ಮಾತ್ರ ಮೇಲೆ ಉಳಿಯುತ್ತಿದ್ದರು.

ನಮ್ಮ ಸಲಹಾ ಸಮಿತಿಯ ಕಥೆಯೂ ಇದೇ. ಸಮುದಾಯ ಬಾನುಲಿಗಳಿಗೆ ಕೇಂದ್ರ ಸರ್ಕಾರ ಕೊಟ್ಟ 2024ರ ಹೊಸ ಮಾರ್ಗಸೂಚಿಯ ಪ್ರಕಾರ ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರು ಇರಬೇಕು. ನಮ್ಮಲ್ಲಿ ಇದ್ದಾರೆ. ಸಹಿಯೂ ಇದೆ. ಆದರೆ ಸಭೆ ಇಡುತ್ತಿದ್ದದ್ದು ಸಂಜೆ ಆರಕ್ಕೆ. ಆ ಹೊತ್ತಿಗೆ ಯಾವ ಮನೆಯ ಹೆಣ್ಣುಮಗಳು ಕೂತು ಚರ್ಚೆ ಮಾಡುತ್ತಾಳೆ? ಈಗ ಸಭೆ ಮಧ್ಯಾಹ್ನ ಎರಡಕ್ಕೆ. ಮಾತು ಜಾಸ್ತಿಯಾಗಿದೆ, ಜಗಳವೂ. ಫೋನ್ ಕಾರ್ಯಕ್ರಮ ನಿಲ್ಲಿಸಿ ಎಂದು ಮೊದಲು ಹೇಳಿದ್ದು ಆ ಸಭೆಯೇ.

ಇನ್ನು ಮುಂದೆ ಹೀಗೆ. ವಾರದಲ್ಲಿ ಎರಡು ದಿನ ನಮ್ಮವರು ರೆಕಾರ್ಡರ್ ಹಿಡಿದು ಒಂದು ಊರಿಗೆ ಬರುತ್ತಾರೆ. ಕಟ್ಟೆಗೂ ಬರುತ್ತಾರೆ, ಆದರೆ ಕಟ್ಟೆಗೆ ಮಾತ್ರ ಅಲ್ಲ. ಕಟ್ಟೆಯಲ್ಲಿ ಸಿಗುವವರು ಫೋನ್ ಮಾಡುತ್ತಿದ್ದವರೇ. ಕೆಲಸ ನಡೆಯುವ ಕಡೆ ಬರುತ್ತೇವೆ. ಕೂದಲು ಬಿಡಿಸುವಲ್ಲಿ, ಮಗ್ಗದ ಪಕ್ಕ, ಹೊಲದ ಬದುವಿನಲ್ಲಿ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಯ ಹತ್ತಿರ ಒಂದು ಮೇಜು ಹಾಕುತ್ತೇವೆ. ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ಹೊರಡುವ ದಿನಗಳಲ್ಲಿ ರೊಟ್ಟಿ ಬಡಿಯುವ ಮನೆಗಳಲ್ಲೇ ಇರುತ್ತೇವೆ. ಆ ಸದ್ದಿಗಿಂತ ಒಳ್ಳೆಯ ಹಿನ್ನೆಲೆ ಸಂಗೀತ ಯಾವ ಸ್ಟುಡಿಯೊದಲ್ಲೂ ಇಲ್ಲ.

ಊರು ಬಿಟ್ಟು ಹೋದವರನ್ನೂ ಮರೆತಿಲ್ಲ. ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋದವರಿಗೆ ನಮ್ಮ ದನಿ ಮುಟ್ಟುವುದಿಲ್ಲ, ಆದರೆ ಅವರ ದನಿ ನಮಗೆ ಮುಟ್ಟುತ್ತದೆ. ವಾಟ್ಸಾಪಿನಲ್ಲಿ ಒಂದು ನಿಮಿಷದೊಳಗಿನ ಮಾತು ಕಳಿಸಿ. ಸಂಜೆ ಏಳಕ್ಕೆ ಹಾಕುತ್ತೇವೆ. "ಯವ್ವಾ, ಆರಾಮದೀನಿ, ಹಬ್ಬಕ್ಕ ಬರತೀನಿ" ಅಂದರೆ ಸಾಕು. ಕಾರ್ಡು ಬರೆಯುವವರು ಬರೆಯುತ್ತಲೇ ಇರಿ. ಐವತ್ತು ಪೈಸೆಯ ಕಾರ್ಡು ಇವತ್ತಿಗೂ ಬರುತ್ತದೆ, ಬಂದ ದಿನ ಸ್ಟುಡಿಯೊದಲ್ಲಿ ಕೈಯಿಂದ ಕೈಗೆ ಓಡಾಡುತ್ತದೆ.

ನೇರ ಪ್ರಸಾರ ಬಿಡುವುದಕ್ಕೆ ಇನ್ನೊಂದು ಕಾರಣವಿದೆ. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇವೆ. ಒಂದು ಬೆಳಗ್ಗೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿ ಹಾಡು ಕೇಳುತ್ತಾ, ಮಾತಿನ ಭರದಲ್ಲಿ ಮನೆಯ ಸಾಲದ ವಿಷಯ ಹೇಳಿಬಿಟ್ಟಳು. ನಾವೂ ಕರುಣೆ ತೋರಿಸಿ ಇನ್ನೆರಡು ಪ್ರಶ್ನೆ ಕೇಳಿದೆವು. ಇಡೀ ಊರು ಕೇಳಿತು. ಅವಳಿಗೆ ಮನೆಯಲ್ಲಿ ಆದದ್ದು ನಮಗೆ ತಿಂಗಳ ಮೇಲೆ ಗೊತ್ತಾಯಿತು. ಆಡಿದ ಮಾತು ವಾಪಸ್ ಬರುವುದಿಲ್ಲ, ಗಾಳಿಗೆ ಬಿಟ್ಟದ್ದಂತೂ ಇಲ್ಲವೇ ಇಲ್ಲ. ತಪ್ಪು ಅವಳದಲ್ಲ. ಪ್ರಶ್ನೆ ಕೇಳಿದವರದ್ದು, ಅಂದರೆ ನಮ್ಮದು. ಅದಕ್ಕೇ ಈಗ ರೆಕಾರ್ಡ್ ಮಾಡಿದ್ದನ್ನು ಅಲ್ಲೇ ನಿಮಗೆ ತಿರುಗಿ ಕೇಳಿಸುತ್ತೇವೆ. "ಇದು ಬ್ಯಾಡ" ಅಂದರೆ ನಿಮ್ಮ ಕಣ್ಣೆದುರೇ ಅಳಿಸುತ್ತೇವೆ. ಹೆಸರು ಬೇಡ ಅಂದರೆ ಹೆಸರಿಲ್ಲ. ಪ್ರಸಾರವಾದ ಎಲ್ಲವನ್ನೂ ನಿಯಮದಂತೆ ಮೂರು ತಿಂಗಳು ಇಟ್ಟುಕೊಂಡಿರಬೇಕು, ಇಟ್ಟಿರುತ್ತೇವೆ. ನೀವು ಆಡಿದ್ದನ್ನು ನಾವು ಹೇಗೆ ಕತ್ತರಿಸಿ ಹಾಕಿದ್ದೇವೆ ಅಂತ ಅನುಮಾನ ಬಂದರೆ ಬಂದು ಕೇಳಿ.

ಹಾಡು ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಸಿನಿಮಾ ಹಾಡಿಗೆ ಹಕ್ಕಿನ ಹಣ ಕಟ್ಟಬೇಕು, ಅದು ನಮ್ಮಂಥವರಿಗೆ ಭಾರ. ಮೇಲಾಗಿ ಕಾರ್ಯಕ್ರಮಗಳಲ್ಲಿ ಅರ್ಧವಾದರೂ ಇಲ್ಲೇ ತಯಾರಾಗಬೇಕು ಅಂತ ನಿಯಮವೇ ಇದೆ. ಸಿನಿಮಾ ಹಾಡು ಎಲ್ಲರ ಫೋನಿನಲ್ಲೂ ಸಿಗುತ್ತದೆ. ನಿಮ್ಮ ಓಣಿಯ ಅಜ್ಜಿ ಹಾಡುವ ಬೀಸುವ ಪದ ಎಲ್ಲಿ ಸಿಗುತ್ತದೆ?

ಜಾಹೀರಾತು ಕೊಡುವ ಅಂಗಡಿಯವರಿಗೆ ಎರಡು ಮಾತು. ಸರ್ಕಾರಿ ಕಾಗದದಲ್ಲಿ ಎಲ್ಲರೂ "ಸಮುದಾಯ", ಆದರೆ ನಮ್ಮ ರಸೀದಿ ಪುಸ್ತಕದಲ್ಲಿ ನೀವೇ "ಗ್ರಾಹಕರು". ಈ ಬದಲಾವಣೆಯ ಬಿಸಿ ತಟ್ಟುವುದೂ ನಿಮಗೇ. ಏಳೂವರೆಯ ಫೋನ್ ಕಾರ್ಯಕ್ರಮಕ್ಕೆ ಅಂತಲೇ ಹಣ ಕಟ್ಟಿದವರಿಗೆ ಎರಡು ದಾರಿ ಇದೆ. ಅದೇ ಹೊತ್ತಿನಲ್ಲಿ ಹೊಸ ಕಾರ್ಯಕ್ರಮದ ನಡುವೆ ಹಾಕಬಹುದು, ಅಥವಾ ಸಂಜೆ ಏಳಕ್ಕೆ ಬದಲಿಸಿಕೊಳ್ಳಬಹುದು. ಎರಡೂ ಬೇಡ ಅಂದರೆ ಉಳಿದ ದಿನಗಳ ಹಣ ವಾಪಸ್. ತಾಸಿಗೆ 12 ನಿಮಿಷದ ತನಕ ಜಾಹೀರಾತು ಹಾಕಲು 2024ರಿಂದ ಅವಕಾಶ ಇದೆ, ಮೊದಲು 7 ನಿಮಿಷ ಇತ್ತು. ಸರ್ಕಾರಿ ಜಾಹೀರಾತಿನ ದರವೂ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74 ಆಯಿತು. ನಿಮ್ಮ ದರ ಏರಿಸುತ್ತಿಲ್ಲ. 12 ನಿಮಿಷ ತುಂಬಿಸುವ ಆಸೆಯೂ ಇಲ್ಲ, ಹಾಗೆ ಮಾಡಿದರೆ ನಾವೇ ರೇಡಿಯೊ ಬಂದ್ ಮಾಡುತ್ತೇವೆ.

"ನಿಮ್ಮ ಸ್ಟೇಷನ್ ಈಗ ಬರೋದಿಲ್ಲ" ಅನ್ನುವ ದೂರು ಈಚೆಗೆ ಜಾಸ್ತಿ. ಇದರಲ್ಲಿ ಎರಡು ಬಗೆ. ಒಂದು, ಗುಡ್ಡದ ಹಿಂದಿನ ಊರುಗಳು. ನಮ್ಮದು 100 ವ್ಯಾಟ್ ಒಳಗಿನ ಪ್ರಸಾರ, ಗೋಪುರ 30 ಮೀಟರ್ ಮೀರುವಂತಿಲ್ಲ. ಬಯಲಿನಲ್ಲಿ ಹತ್ತು ಹದಿನೈದು ಕಿಲೋಮೀಟರ್ ಹೋಗುವ ಎಫ್‌ಎಂ ಅಲೆ ನಮ್ಮ ಕಡೆಯ ಕಲ್ಲುಗುಡ್ಡ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಇದಕ್ಕೆ ನಮ್ಮ ಹತ್ತಿರ ಮದ್ದಿಲ್ಲ. ಇನ್ನೊಂದು, ಹೊಸ ಫೋನುಗಳು. ಫೋನಿನ ಎಫ್‌ಎಂಗೆ ಇಯರ್‌ಫೋನಿನ ವೈರೇ ಆಂಟೆನಾ. ಸ್ಪೀಕರಿನಲ್ಲಿ ಕೇಳುವುದಾದರೂ ವೈರು ಚುಚ್ಚಿರಬೇಕು. ಈಗಿನ ಎಷ್ಟೋ ಫೋನುಗಳಲ್ಲಿ ಆ ತೂತೇ ಇಲ್ಲ, ಕೆಲವದರಲ್ಲಿ ಎಫ್‌ಎಂ ತೆಗೆದೇ ಬಿಟ್ಟಿದ್ದಾರೆ. ಫೋನುಗಳಲ್ಲಿ ಎಫ್‌ಎಂ ಇರಲಿ, ಅದನ್ನು ಬಂದ್ ಮಾಡಬೇಡಿ ಎಂದು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು, ವಿಪತ್ತಿನ ಹೊತ್ತಿಗೆ ಬೇಕಾಗುತ್ತದೆ ಅಂತ. ಗೇಟು ಹೋದ ರಾತ್ರಿ ಕಂಡವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಹಳೆಯ ರೇಡಿಯೊ ಇದ್ದರೆ ಗುಜರಿಗೆ ಹಾಕಬೇಡಿ.

ಅಂದಹಾಗೆ, ಆ ರಾತ್ರಿ ನಾವು ಮಲಗಿದ್ದೆವಲ್ಲ, ಅದೂ ಬದಲಾಗಿದೆ. ಮಳೆಗಾಲದಲ್ಲಿ ಹೊಳೆಗೆ ನೀರು ಬಿಡುವ ದಿನಗಳಲ್ಲಿ ಒಬ್ಬರು ಸ್ಟುಡಿಯೊದಲ್ಲೇ ಮಲಗುತ್ತಾರೆ. ಅಂಥ ರಾತ್ರಿ ಫೋನ್ ಮಾಡಿ, ಎತ್ತುತ್ತೇವೆ. ಹಾಡು ಮಾತ್ರ ಕೇಳಬೇಡಿ.

ಕೊನೆಗೆ, ದಿನಾ ಫೋನ್ ಮಾಡುತ್ತಿದ್ದ ಆ ಹತ್ತಿಪ್ಪತ್ತು ಮಂದಿಗೆ. ನಿಮ್ಮ ಮೇಲೆ ದೂರು ಹೇಳಿದ ಹಾಗಾಯಿತೇನೋ. ಹಾಗಲ್ಲ. ನಾವು ಹೊಸಬರಿದ್ದಾಗ, ಯಾರಾದರೂ ಕೇಳುತ್ತಿದ್ದಾರೋ ಇಲ್ಲವೋ ಅಂತ ಅಂಜಿಕೊಂಡು ಕೂತಿದ್ದಾಗ, ಮೊದಲು ಫೋನ್ ಮಾಡಿದವರು ನೀವೇ. ನಿಮ್ಮಲ್ಲಿ ಕೆಲವರ ಕೆಮ್ಮು ಕೇಳಿಯೇ ಹೆಸರು ಹೇಳುತ್ತೇವೆ. ನಿಮಗೆ ಒಂದು ಕೆಲಸ ಇಟ್ಟಿದ್ದೇವೆ. ನಿಮ್ಮ ಊರಿಗೆ ಬಂದ ದಿನ ನಮ್ಮ ಜೊತೆ ನಡೆಯಿರಿ. ಯಾವ ಮನೆಯಲ್ಲಿ ರೇಡಿಯೊ ಹಚ್ಚಿರುತ್ತದೆ, ಯಾರು ಬಾಗಿಲ ಹಿಂದೆ ನಿಂತು ಕೇಳುತ್ತಾರೆ, ಅದು ನಮಗಿಂತ ನಿಮಗೆ ಗೊತ್ತು.

ಮೊದಲ ಸೋಮವಾರ ಹುಲಿಗಿ, ಗುರುವಾರ ಭಾಗ್ಯನಗರ. ಮುಂದಿನ ಊರುಗಳನ್ನು ಪ್ರತಿ ಭಾನುವಾರ ಸಂಜೆ ಹೇಳುತ್ತೇವೆ. ನಿಮ್ಮ ಊರಿಗೆ ಬೇಗ ಬರಬೇಕು ಅಂದರೆ ಒಂದು ಕಾರ್ಡು ಹಾಕಿ. ಚಾಪೆ ನಾವೇ ತರುತ್ತೇವೆ. ಕೆಲಸ ನಿಲ್ಲಿಸುವುದು ಬೇಡ. ಫ್ಯಾನ್ ಮಾತ್ರ ಸ್ವಲ್ಪ ಹೊತ್ತು ಬಂದ್ ಮಾಡಬೇಕಾಗುತ್ತದೆ, ಮೈಕಿಗೆ ಅದರ ಸದ್ದು ಬರುತ್ತದೆ.

ಇಂತಿ,
ನಿಮ್ಮ ಬಾನುಲಿ ಬಳಗ
ಕೊಪ್ಪಳ