ಗಾಡಿ ಹತ್ತಿಸದೆ ಅನುಭವ ಎಲ್ಲಿಂದ?

ಸಂಪಾದಕರೇ,

ನನ್ನ ಮಗಳಿಗೆ 21 ವರ್ಷ. ಆಂಬುಲೆನ್ಸ್‌ನಲ್ಲಿ ರೋಗಿಯ ಪಕ್ಕ ಕೂತು ನೋಡಿಕೊಳ್ಳುವ ಇಎಂಟಿ ಕೆಲಸದ ತರಬೇತಿ ಮುಗಿಸಿ, ನಾಲ್ಕು ತಿಂಗಳಿಂದ ಕೆಲಸ ಹುಡುಕುತ್ತಿದ್ದಾಳೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: 'ಎರಡು ವರ್ಷ ಅನುಭವ ಇದೆಯಾ?' ಯಾರೂ ಗಾಡಿ ಹತ್ತಿಸಿಕೊಳ್ಳದಿದ್ದರೆ ಅನುಭವ ಎಲ್ಲಿಂದ ಬರಬೇಕು?

ಒಂದು ಖಾಸಗಿ ಆಸ್ಪತ್ರೆಯಲ್ಲಂತೂ ಅವಳ ಸರ್ಟಿಫಿಕೇಟ್ ತೆರೆದೂ ನೋಡಲಿಲ್ಲ. 'ಹೆಣ್ಣುಮಗಳು, ಸ್ಟ್ರೆಚರ್ ಎತ್ತೋಕಾಗುತ್ತಾ? ನೈಟ್ ಡ್ಯೂಟಿ ಮಾಡ್ತೀಯಾ?' ಎಂದಷ್ಟೇ ಕೇಳಿ ಕಳಿಸಿದರು.

ಅವಳು ಇವತ್ತಿಗೂ ರಾತ್ರಿ ಊಟವಾದ ಮೇಲೆ ದಿಂಬಿನ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದನ್ನು, ಅಭ್ಯಾಸ ಮಾಡುತ್ತಾಳೆ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಅವಳ ತಮ್ಮ ಮೊಬೈಲ್ ಹಿಡಿದು ಎಣಿಸುತ್ತಾನೆ. 'ಕೈ ಮರೀಬಾರದಲ್ವಾ ಅಮ್ಮ' ಎನ್ನುತ್ತಾಳೆ. ಕೇಳಿದರೆ ಹೊಟ್ಟೆ ಚುರ್ ಎನ್ನುತ್ತದೆ. ಫೀಸಿಗೆಂದು ಅಡವಿಟ್ಟ ಸರ ಇನ್ನೂ ಬಿಡಿಸಿಲ್ಲ, ಅದು ಬೇರೆ ಮಾತು.

ನಮ್ಮ ರಾಜ್ಯದಲ್ಲಿ 108 ಸೇವೆ ಶುರುವಾಗಿದ್ದು 2008ರಲ್ಲಿ. ಆಗ ಸೇರಿದವರಿಗೆಲ್ಲ ಮೊದಲೇ ಅನುಭವ ಇತ್ತೇ?

ಹೊಸಬರನ್ನು ಒಂಟಿಯಾಗಿ ಕಳಿಸಿ ಎಂದು ನಾನು ಕೇಳುತ್ತಿಲ್ಲ. ಅದು ರೋಗಿಗೇ ಅಪಾಯ. ಮೊದಲ ಮೂರು ತಿಂಗಳು ಅನುಭವ ಇರುವ ಇಎಂಟಿ ಜೊತೆ ಕೂರಿಸಿ. ಆಕ್ಸಿಜನ್ ಹಾಕುವುದು, ಬಿಪಿ ನೋಡುವುದು, ಗಾಬರಿಯಾದ ಮನೆಯವರನ್ನು ಸಮಾಧಾನ ಮಾಡುವುದು ಎಲ್ಲ ಓಡುವ ಗಾಡಿಯಲ್ಲೇ ಕಲಿಯಲಿ. ಆ ಮೂರು ತಿಂಗಳೂ ಸಂಬಳ ಕೊಡಿ, ಸುಮ್ನೆ ದುಡಿಸಿಕೊಳ್ಳಬೇಡಿ. ಆರೋಗ್ಯ ಇಲಾಖೆಯೂ ಖಾಸಗಿ ಆಸ್ಪತ್ರೆಗಳೂ ಇದನ್ನು ಈ ವರ್ಷವೇ ಶುರು ಮಾಡಲಿ.

– ಒಬ್ಬ ತಾಯಿ, ತಿಪಟೂರು